ಅಣ್ಣನ ಆಂಪಿನ ನಕಲು

ಕನ್ನಡಕದ ಅಂಗಡಿಯವನಿಗೆ ಒಂದು ಚಪಲವಿತ್ತು. ಕಣ್ಣು ತೋರಿಸಲು ಬಂದವರ ಮೂಗಿನ ಮೇಲೆ ಆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದು ಚೆನ್ನಾಗಿದೆಯಾ, ಅದಾ?" ಎಂದು ಕೇಳುವುದು ಎಲ್ಲ ಅಂಗಡಿಯವರೂ ಮಾಡುವ ಕೆಲಸ. ಇವನು ನಡುವೆ ಒಮ್ಮೆ ಅದೇ ಗಾಜನ್ನು ತೆಗೆದ ಹಾಗೆ ಮಾಡಿ ಮತ್ತೆ ಹಾಕುತ್ತಿದ್ದ. "ಹಾಂ, ಇದೇ ಸ್ಪಷ್ಟ ಸಾರ್!" ಎಂದವರನ್ನು ಕಂಡರೆ ಒಳಗೊಳಗೇ ನಗು. ಗಿರಾಕಿಯ ಉತ್ತರವನ್ನು ಎಷ್ಟು ನಂಬಬಹುದೆಂದು ತಿಳಿಯಲು ಈ ಉಪಾಯ ಬೇಕು, ಒಪ್ಪೋಣ. ಆದರೆ ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಅವರ ದನಿಯನ್ನು ಅಣಕಿಸಿ ತೋರಿಸಬೇಕೆಂದು ಯಾರೂ ಹೇಳಿರಲಿಲ್ಲ.

ಅಂಗಡಿ ಬಿಟ್ಟರೆ ಅವನ ಜೀವವೆಲ್ಲ ಗಿಟಾರಿನಲ್ಲಿ. ಕಲಿಸಿದವನು ಅಣ್ಣ. ಅಣ್ಣ ದೊಡ್ಡ ಹೋಟೆಲೊಂದರ ಊಟದ ಹಾಲಿನಲ್ಲಿ ವಾರದ ಕೊನೆಯ ಸಂಜೆಗಳಲ್ಲಿ ನುಡಿಸುತ್ತಿದ್ದ. ತಲೆ ನೆರೆಯುವ ಮೊದಲಿನಿಂದಲೂ ಅದೇ ಮೂಲೆ, ಅದೇ ಸ್ಟೂಲು, ಅದೇ ಆಂಪು. ಗಿಟಾರಿನ ಸದ್ದನ್ನು ದೊಡ್ಡದು ಮಾಡುವ, ಗಾಜಿನ ವಾಲ್ವುಗಳಿದ್ದ ಹಳೇ ಕಾಲದ ಆಂಪ್ಲಿಫೈಯರ್ ಅದು. ಎತ್ತಬೇಕಾದರೆ ಜೀವ ಬಾಯಿಗೆ ಬರುತ್ತಿತ್ತು. ಅದರ ದನಿ ಮಾತ್ರ ಬೆಚ್ಚಗೆ, ತುಸು ಒರಟಾಗಿ, ಆಗಷ್ಟೇ ನಿದ್ದೆಯಿಂದೆದ್ದವರ ಮಾತಿನ ಹಾಗಿತ್ತು. ಶ್ರುತಿ ನೋಡುವ ಯಂತ್ರವನ್ನು ಅಣ್ಣ ಮುಟ್ಟಿದವನಲ್ಲ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ತಂತಿ ಮೀಟಿ, ಕೀಲಿ ತಿರುಗಿಸಿ, ಒಮ್ಮೆ ತಲೆಯಾಡಿಸಿದನೆಂದರೆ ಮುಗಿಯಿತು. ಸರಿ ಇದೆಯಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ಅಣ್ಣನಿಗೆ ಸೊಂಟ ಹಿಡಿದುಕೊಂಡು ಆಂಪು ಹೊರುವುದು ಆಗದ ಮಾತಾದಾಗ ತಮ್ಮ ಎದೆ ತಟ್ಟಿಕೊಂಡು ಮುಂದೆ ಬಂದ.

"ಆ ಆಂಪಿನ ದನೀನೇ ನನ್ನ ಡಬ್ಬಿಗೆ ಇಳಿಸಿ ಕೊಡ್ತೀನಿ ಅಣ್ಣ. ಊಟದ ಕ್ಯಾರಿಯರ್ ಥರ ಕೈಯಲ್ಲಿ ಹಿಡ್ಕೊಂಡು ಹೋಗು."

ಡಬ್ಬಿ ಎಂದರೆ ಅವನ ಡಿಜಿಟಲ್ ಪೆಟ್ಟಿಗೆ. ಅಸಲಿ ಆಂಪಿನ ಮುಂದೆ ಮೈಕು ಇಟ್ಟರೆ ಈ ಪೆಟ್ಟಿಗೆ ಆಂಪಿಗೆ ಏನೇನೋ ಸದ್ದು ಕಳಿಸಿ, ಹೊರಗೆ ಬರುವುದನ್ನು ಕೇಳಿಸಿಕೊಂಡು, ಆ ದನಿಯ ನಕಲು ಮಾಡಿಟ್ಟುಕೊಳ್ಳುತ್ತದೆ. ಆ ನಕಲಿಗೆ ಪ್ರೊಫೈಲ್ ಎಂದು ಹೆಸರು. ಯಾರ್ಯಾರದೋ ಆಂಪುಗಳ ಪ್ರೊಫೈಲುಗಳು ಅವನ ಡಬ್ಬಿಯಲ್ಲಿ ರಾಶಿ ಬಿದ್ದಿದ್ದವು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೇ ತಿದ್ದುತ್ತ ಕೂರುವುದೇ ಅವನಿಗೆ ಪರಮಸುಖ. ಇಲ್ಲಿ ಬೇಸ್ ತುಸು ಇಳಿಸು, ಅಲ್ಲಿ ಟ್ರೆಬಲ್ ಚೂರು ಏರಿಸು. ನುಡಿಸುವುದಕ್ಕಿಂತ ತಿದ್ದುವುದೇ ಜಾಸ್ತಿ ಎಂದು ಹೆಂಡತಿ ಹೇಳುತ್ತಿದ್ದಳು, ಅದು ಸುಳ್ಳೇನಲ್ಲ.

ಒಂದು ರಜೆಯ ಬೆಳಿಗ್ಗೆ ಎಲ್ಲವನ್ನೂ ಹೊತ್ತುಕೊಂಡು ಅಣ್ಣನ ಮನೆಗೆ ಬಂದ. "ಬಂದ್ರು ಪಂಡಿತ್ರು," ಎಂದು ಅತ್ತಿಗೆ ದಾರಿ ಬಿಟ್ಟಳು. ಆಂಪನ್ನು ಮಲಗುವ ಕೋಣೆಯಲ್ಲಿಟ್ಟು, ಸದ್ದು ಹೆಚ್ಚು ಹೊರಬರದಂತೆ ಸುತ್ತ ಹಾಸಿಗೆ ನಿಲ್ಲಿಸಿ, ಬಾಗಿಲು ಹಾಕಿದರು. ಆಂಪಿಗೆ ಹೊದಿಸಿದ್ದ ಹಳೇ ಕಂಬಳಿ, ಡಬ್ಬಿ, ಸ್ಪೀಕರು ನಡುಮನೆಯಲ್ಲೇ ಉಳಿದವು. ಡಬ್ಬಿ ಕೀಂ ಎಂದು, ಘುರ್ರ್ ಎಂದು, ಪುಸ್ ಎಂದು ತನ್ನ ಕೆಲಸ ಮುಗಿಸಿತು. ಇನ್ನು ಅಸಲನ್ನೂ ನಕಲನ್ನೂ ಅಕ್ಕಪಕ್ಕ ಕೇಳಿ ನೋಡಬೇಕು. ಅದಕ್ಕೆಂದೇ, ಡಬ್ಬಿಗೆ ವೈರಿನಿಂದ ಸಿಕ್ಕಿಸಿ ಕಾಲಿನಿಂದ ಒತ್ತುವ ಗುಂಡಿಯೊಂದಿತ್ತು. ಒಮ್ಮೆ ಒತ್ತಿದರೆ ಕೆಂಪು ದೀಪ, ಒಳಗಿನ ಆಂಪಿನ ದನಿ ಸ್ಪೀಕರಿಗೆ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಹಸಿರು ದೀಪ, ಆಂಪು ಸುಮ್ಮನಾಗಿ ಡಬ್ಬಿಯ ನಕಲು ಬರುತ್ತದೆ.

ಅಣ್ಣ ನುಡಿಸಿದ. ತಮ್ಮ ಗುಂಡಿ ಒತ್ತಿದ. ಕೆಂಪು, ಹಸಿರು, ಕೆಂಪು.

"ನಂಗೆ ಎರಡೂ ಒಂದೇ ಥರ ಕೇಳ್ಸುತ್ತೆ ಕಣೋ," ಎಂದ ಅಣ್ಣ.

"ಎಲ್ಲಿ ಒಂದೇ ಥರ! ಹಸಿರಲ್ಲಿ ಮಂಕಾಗಿದೆ ನೋಡು, ದನಿ ಕಂಬಳಿ ಹೊದ್ದಂಗಿದೆ." ತಮ್ಮ ಟ್ರೆಬಲ್ ಏರಿಸಿದ. "ಈಗ?"

"ಈಗಲೂ ಹಂಗೇ ಇದೆ."

"ಅಯ್ಯೋ ಅಣ್ಣ, ಆಕಾಶ ಭೂಮಿ ವ್ಯತ್ಯಾಸ!" ಬೇಸ್ ಇಳಿಸಿದ, ನಡುವಿನ ಸ್ವರಗಳನ್ನು ಕತ್ತರಿಸಿದ, ಮತ್ತೆ ಟ್ರೆಬಲ್ ಏರಿಸಿದ. ಪ್ರತಿ ಸಲವೂ ದನಿ ಹೂವಿನ ಹಾಗೆ ಅರಳುವುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅಡುಗೆಮನೆಯಿಂದ ಅತ್ತಿಗೆ, "ಹಸಿರು ಬಂದಾಗ ಒಳಗಿಂದು ಸುಮ್ನಾಗುತ್ತೆ ಅಂದ್ಯಲ್ಲ? ಅದು ಅರಚ್ತಾನೇ ಇದೆಯಲ್ಲೋ," ಎಂದಳು. "ಇದೆಲ್ಲ ನಿಮಗೆ ಗೊತ್ತಾಗಲ್ಲ ಅತ್ತಿಗೆ," ಎಂದುಬಿಟ್ಟ.

ಆಮೇಲೆ ಅಣ್ಣನ ಕಡೆ ತಿರುಗಿ, ಅಂಗಡಿಯ ಆ ನಗುವನ್ನೇ ನಕ್ಕು, "ವಯಸ್ಸಾಯ್ತು ಬಿಡು, ಕಿವಿ ಮಂದ ಆಗಿದೆ ನಿಂಗೆ," ಎಂದ.

ಅಣ್ಣ ಮತ್ತೊಮ್ಮೆ ನುಡಿಸಿದ. ಕೆಂಪು, ಹಸಿರು. ಅವನ ಹಣೆಯಲ್ಲಿ ಬೆವರೊಡೆದಿತ್ತು. "ಹಾಂ... ಹೌದು. ಈಗ ಸ್ವಲ್ಪ ಗೊತ್ತಾಗ್ತಿದೆ," ಎಂದ.

ಎಲ್ಲ ಕಟ್ಟಿಡುವ ಹೊತ್ತಿಗೆ ಅಣ್ಣ ಗಿಟಾರನ್ನು ಬಟ್ಟೆಯಿಂದ ಒರೆಸಿ, ಅದರ ಪೆಟ್ಟಿಗೆಯಲ್ಲಿ ಮಲಗಿಸಿ ತಮ್ಮನ ಮುಂದೆ ತಳ್ಳಿದ. "ಇದನ್ನೂ ತಗೊಂಡು ಹೋಗು. ಕಿವಿ ಇರೋನ ಹತ್ರ ಇರ್ಲಿ. ಹೋಟೆಲಿಗೆ ನಾನು ಫೋನ್ ಮಾಡಿ ಹೇಳ್ತೀನಿ, ಇನ್ನು ಬರಲ್ಲ ಅಂತ."

ತಮ್ಮ "ಬೇಡ ಬೇಡ" ಎಂದ. ಅನ್ನುವಾಗಲೇ ಕೈ ಪೆಟ್ಟಿಗೆಯ ಹಿಡಿಯ ಮೇಲಿತ್ತು. ಚಿಕ್ಕಂದಿನಿಂದ ಆ ಗಿಟಾರಿನ ಮೇಲೆ ಅವನಿಗೆ ಕಣ್ಣು.

ಸಂಜೆ ಮನೆಯಲ್ಲಿ ಡಬ್ಬಿಗೆ ಅದೇ ಗಿಟಾರು ಸಿಕ್ಕಿಸಿ, ತಾನು ತಿದ್ದಿದ ಪ್ರೊಫೈಲ್ ತೆರೆದು ನುಡಿಸಿದ. ತಗಡು ಕೆರೆದ ಹಾಗೆ ಕೇಳಿಸಿತು. ಹೆಂಡತಿ ಒಳಗಿನಿಂದ "ಏನ್ರೀ ಅದು?" ಎಂದಳು. ಸ್ಪೀಕರ್ ಕೆಟ್ಟಿತೇನೋ ಎಂದು ಅದನ್ನು ಬಡಿದು ನೋಡಿದ. ಗಿಟಾರಿನ ವೈರು ಬದಲಿಸಿದ. ಕೊನೆಗೆ ಚೀಲದಿಂದ ಕಾಲಗುಂಡಿ ತೆಗೆದು, ವೈರಿನ ತುದಿ ಇನ್ನೂ ಕೈಯಲ್ಲಿರುವಾಗಲೇ ಅದರ ಮೇಲೆ ಕಾಲಿಟ್ಟ.

ಕೆಂಪು ದೀಪ. ಮತ್ತೆ ಒತ್ತಿದ. ಹಸಿರು.

ಅದಕ್ಕೆ ಅದರದೇ ಬ್ಯಾಟರಿ. ಡಬ್ಬಿಗೆ ಸಿಕ್ಕಿಸಿದ್ದರೂ ಸಿಕ್ಕಿಸದಿದ್ದರೂ ದೀಪ ಬದಲಾಗುತ್ತದೆ. ಬೆಳಿಗ್ಗೆ ಸಾಮಾನು ಕಟ್ಟುವಾಗ ಆ ತುದಿಯನ್ನು ಡಬ್ಬಿಯ ಹಿಂದಿನಿಂದ ಕಿತ್ತಿರಲಿಲ್ಲ. ಅಣ್ಣನ ಕಂಬಳಿಯ ಕೆಳಗಿನಿಂದ ಎಳೆದುಕೊಂಡಿದ್ದ; ಅದನ್ನು ಸಿಕ್ಕಿಸಿರಲೇ ಇಲ್ಲ.

ಅವನು ಅಲ್ಲೇ ನೆಲಕ್ಕೆ ಕೂತ. ಬೆಳಿಗ್ಗೆಯೆಲ್ಲ ಕೇಳಿಸಿದ್ದು ಆಂಪೊಂದೇ. ತಾನು ತಿದ್ದಿದ್ದೆಲ್ಲ ಯಾರಿಗೂ ಕೇಳಿಸದ ನಕಲನ್ನು. ತಿದ್ದಿದ್ದನ್ನೆಲ್ಲ ಒಂದೊಂದಾಗಿ ಅಳಿಸಿ ಮತ್ತೆ ತಂತಿ ಮೀಟಿದ. ಅಣ್ಣನ ದನಿಯೇ ಬಂತು, ಬೆಚ್ಚಗೆ, ತುಸು ಒರಟಾಗಿ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಮಾರನೆಯ ದಿನ ಅಂಗಡಿಗೆ ಬಂದ ಮುದುಕಿಯೊಬ್ಬಳು ಗಾಜಿನ ಹಿಂದಿನಿಂದ, "ಎರಡೂ ಒಂದೇ ಥರ ಕಾಣುತ್ತಪ್ಪಾ, ನನ್ನ ಕಣ್ಣೇ ಹೋಗಿದೆಯೇನೋ," ಎಂದಳು. "ಇಲ್ಲಮ್ಮ, ಒಂದೇ ಗಾಜು ಅದು, ನಿಮ್ಮ ಕಣ್ಣು ಹೇಳಿದ್ದು ಸರಿ," ಎಂದ. ಮುದುಕಿಗೆ ಅಷ್ಟು ಸಲೀಸಾಗಿ ಹೇಳಿದ್ದನ್ನು ಅಣ್ಣನಿಗೆ ಹೇಳಲು ನಾಲಿಗೆ ಏಳಬೇಕಲ್ಲ! ಸಂಜೆ ಅಣ್ಣನ ಮನೆಯ ದಾರಿಯುದ್ದಕ್ಕೂ ಮರ್ಯಾದೆ ಉಳಿಯುವಂಥ ಮಾತೊಂದನ್ನು ಹುಡುಕುತ್ತ ಹೋದ.

"ಅಣ್ಣ, ನಿನ್ನೆ ಡಬ್ಬೀಲಿ ಏನೋ ದೋಷ ಇತ್ತಂತೆ," ಎಂದ, ಹೊಸ್ತಿಲಲ್ಲೇ.

ಅಣ್ಣ ಮುಗುಳ್ನಕ್ಕ. "ದೋಷ ನನ್ನ ಕಿವೀದು ಬಿಡೋ. ನನ್ನ ಮನಸ್ಸು ನೋಯಬಾರ್ದು ಅಂತ ಹೇಳ್ತಿದ್ದೀಯ, ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದು ಅವನ ಭುಜ ತಟ್ಟಿ, "ಒಳ್ಳೇ ಹುಡುಗ," ಎಂದ.

ಅದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. "ವೈರೇ ಸಿಕ್ಕಿಸಿರ್ಲಿಲ್ಲ ಅಣ್ಣ," ಎಂದುಬಿಟ್ಟ. "ಕಾಲಗುಂಡೀದು ಕಂಬಳಿ ಕೆಳಗೆ ಬಿದ್ದಿತ್ತು. ಕೆಂಪು ಬಂದಾಗ್ಲೂ ಹಸಿರು ಬಂದಾಗ್ಲೂ ನೀನು ಕೇಳಿದ್ದು ನಿನ್ನ ಆಂಪೇ. ನೀನು ಒಂದೇ ಅಂದೆ, ಒಂದೇ ಆಗಿತ್ತು. ಇಲ್ಲದ್ದನ್ನ ಕೇಳಿಸ್ಕೊಂಡು ಕುಣಿದೋನು ನಾನು. ನಿನ್ನ ಕಿವಿಗೆ ಏನೂ ಆಗಿಲ್ಲ."

"ಒಳಗೆ ಅರಚ್ತಿದೆ ಅಂತ ನಾನು ಬಡ್ಕೊಂಡ್ನಲ್ಲ," ಎಂದಳು ಅತ್ತಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ತನ್ನ ಬೆರಳುಗಳನ್ನು ನೋಡುತ್ತ, "ಹಂಗಾದ್ರೆ ನಾನ್ಯಾಕೋ ಹೌದು ಅಂದೆ? ಗೊತ್ತಾಗ್ತಿದೆ ಅಂದ್ನಲ್ಲ ನಾನು," ಎಂದ. ಅದಕ್ಕೆ ತಮ್ಮನ ಹತ್ತಿರ ಉತ್ತರವಿತ್ತು. ನಾನು ಹಂಗೆ ನಕ್ಕೆನಲ್ಲ, ಅದಕ್ಕೆ. ಅದನ್ನು ನುಂಗಿಕೊಂಡು ಚೀಲ ಬಿಚ್ಚಿದ.

ಗಿಟಾರು ತಂದಿದ್ದ, ಡಬ್ಬಿಯನ್ನೂ ತಂದಿದ್ದ. ತನ್ನ ಕೈ ತಾಗದ ಪ್ರೊಫೈಲನ್ನು ತೆರೆದು ಎಲ್ಲ ಸಿಕ್ಕಿಸಿ ಕೊಟ್ಟ. "ಹೋಟೆಲಿಗೆ ನಾನೇ ಹೋಗಿ ಮಾತಾಡ್ತೀನಿ. ತಪ್ಪು ನಂದು ಅಂತ ಹೇಳ್ತೀನಿ. ನೀನು ನುಡಿಸು."

ಅಣ್ಣ ಗಿಟಾರು ತೊಡೆಯ ಮೇಲಿಟ್ಟುಕೊಂಡ. ತಲೆ ಬಗ್ಗಿಸಿ ಒಂದು ತಂತಿ ಮೀಟಿದ. ಆಮೇಲೆ ಕಣ್ಣು ತೆರೆದು ತಮ್ಮನ ಮುಖ ನೋಡಿದ.

"ಸರಿ ಇದ್ಯೇನೋ?"

ಅಣ್ಣ ಹಿಂದೆಂದೂ ಹಾಗೆ ಯಾರನ್ನೂ ಕೇಳಿದವನಲ್ಲ. ದನಿಯನ್ನು ತಮ್ಮ ವಾಪಸು ತಂದು ಕೊಟ್ಟಿದ್ದ, ಆದರೆ ಕಿತ್ತುಕೊಂಡಿದ್ದು ಅದೊಂದೇ ಆಗಿರಲಿಲ್ಲ.

"ನನ್ನ ಮುಖ ನೋಡ್ಬೇಡ ಅಣ್ಣ," ಎಂದು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ. "ನೀನೇ ಹೇಳು."

ಬೆನ್ನ ಹಿಂದೆ ತಂತಿ ಮತ್ತೆ ಮಿಡಿಯಿತು. ಶ್ರುತಿ ಕೂದಲೆಳೆಯಷ್ಟು ಇಳಿದಿತ್ತು. ಹೇಳಿಬಿಡೋಣ ಎಂದು ನಾಲಿಗೆ ತುರಿಸಿತು; ಕಚ್ಚಿ ಹಿಡಿದ. ತಂತಿ ಮೂರನೆಯ ಸಲ ಮಿಡಿದು, ದನಿ ಪೂರ್ತಿ ಅಡಗಿಹೋಯಿತು.

ಆಮೇಲೆ ಕೀಲಿ ಒಂದು ಚೂರು ಕಿರ್ರ್ ಎಂದಿತು.