ಅಕ್ಕಿಯ ಮೇಲೆ ಬರೆದ ಹೆಸರು

ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹುಡುಗಿಯ ಹೊಸ ಹೆಸರು ಬರೆಯುವುದು ನಮ್ಮ ಕೊಂಕಣಿ ಮನೆಗಳಲ್ಲಿ ಇದ್ದದ್ದೇ. ನನ್ನದನ್ನು ಗಂಡ ಹೊನ್ನಾವರದ ಅವನ ಮನೆಯಲ್ಲಿ ಬರೆದ. ಚೆಂದದ ಹೆಸರೇ. ಸುತ್ತ ನಿಂತ ಹೆಂಗಸರು ಹಾಗೆ ಕೂಗಿ ಕರೆದು ನಕ್ಕರು, ನಾನೂ ನಕ್ಕೆ. ಕುಮಟೆಯ ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಅವಳ ಮೊದಲಿನ ಹೆಸರು ನನಗೆ ಗೊತ್ತಾದದ್ದು ಕಾಲೇಜಿಗೆ ಹೋಗುವಾಗ.

ಮದುವೆಗೆಂದು ನಾನು ಇಂಗ್ಲೆಂಡಿನಿಂದ ರಜೆಯ ಮೇಲೆ ಬಂದಿದ್ದೆ. ಅಲ್ಲಿ ಓದು ಮುಗಿಸಿ, ಓದಿದವರಿಗೆ ಕೆಲಕಾಲ ದುಡಿಯಲು ಕೊಡುವ ವೀಸಾದ ಮೇಲೆ, ಮೀನು ಸಿಗಡಿ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿದ್ದೆ. ಆ ವೀಸಾ ಮುಗಿಯುತ್ತ ಬಂದಿತ್ತು. ಕೆಲಸದ ವೀಸಾಕ್ಕೆ ಲ್ಯಾಬಿನವರೇ ಪತ್ರ ಕೊಡಲು ಒಪ್ಪಿದ್ದರು. ಊರಿನಿಂದಲೇ ಅರ್ಜಿ ಹಾಕಿ, ಗಂಡನನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಾನು ಇಷ್ಟಪಟ್ಟು ಮಾಡಿದ ಕೆಲಸ ಆ ಲ್ಯಾಬಿನದೊಂದೇ.

ವೀಸಾ ಅರ್ಜಿಗೆಂದು ಮಾವ ಹಿಡಿದ ಭಟ್ಕಳದ ಏಜೆಂಟರು ದುಬೈಗೆ ಜನ ಕಳಿಸಿ ಕೈ ಪಳಗಿದವರು. "ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇರ್ಲಿ ಅಮ್ಮ, ಅವರ ವೀಸಾಕ್ಕೆ ಒಳ್ಳೇದು" ಎಂದರು.

"ಹ್ಯಾಗೂ ಮಾಡಿಸೂದಲ್ಲ, ಅವಳ ಹೊಸ ಹೆಸರೂ ಹಾಕಿಸಿಬಿಡುವ" ಎಂದರು ಮಾವ.

"ಆತು" ಎಂದೆ. ಮದುಮಗಳು ಬೇರೆ ಎಂತ ಹೇಳುವುದು?

ಹೊಸ ಪಾಸ್‌ಪೋರ್ಟ್ ಬಂತು. ಲ್ಯಾಬಿನ ಪತ್ರವೂ ಬಂತು, ಹಳೆ ಹೆಸರಿಗೆ. ಪತ್ರದವಳು ಬೇರೆ, ಪಾಸ್‌ಪೋರ್ಟಿನವಳು ಬೇರೆ ಎಂದು ಅರ್ಜಿ ತಿರಸ್ಕೃತವಾಯಿತು. ಅಷ್ಟರಲ್ಲಿ ಹಳೆ ವೀಸಾವೂ ಮುಗಿದಿತ್ತು. ಕುಮಟೆ ಕೋರ್ಟಿನ ಹತ್ತಿರ ಕೂತು, ಇಬ್ಬರೂ ನಾನೇ ಎಂದು ಅಫಿಡವಿಟ್ ಮಾಡಿಸಿದೆ. ಟೈಪಿಸ್ಟ್ ತಲೆ ಎತ್ತದೆ ಹೊಡೆದುಕೊಟ್ಟ. ಲ್ಯಾಬಿಗೆ ಬರೆದಾಗ, ಇನ್ನೊಂದು ಪತ್ರ ಕೊಡಬಹುದು, ಮೊದಲು ಫೋನ್ ಮಾಡಿ ಮಾತಾಡುತ್ತೇವೆ ಎಂದರು. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮಾವನ ಮನೆಯ ಫೋನ್ ನಂಬರು ಕೊಟ್ಟೆ. ಬಾತ್‌ರೂಮಿಗೆ ಹೋಗುವಾಗಲೂ ಬಾಗಿಲು ಅರೆ ತೆರೆದಿಡುತ್ತಿದ್ದೆ.

ಅಮ್ಮನಿಗೆ ಜ್ವರವೆಂದು ಒಂದೇ ಒಂದು ದಿನ ಕುಮಟೆಗೆ ಹೋದೆ. ವಾಪಸು ಬಂದು ಊಟಕ್ಕೆ ಕೂತಾಗ, ರಿಟೈರಾದ ಟೀಚರ್ ಆಗಿದ್ದ ನಮ್ಮ ಅತ್ತೆ, ಬಂಗುಡೆ ಮೀನಿನ ಸಾರು ಬಡಿಸುತ್ತ ಹೇಳಿದರು, "ನಿನ್ನೆ ಫೋನು ಬಂದಿತ್ತು. ಗಂಡಸಿನ ಸ್ವರ, ಇಂಗ್ಲಿಷು. ನಿನ್ನ ಹಳೆ ಹೆಸರು ಹಿಡಿದು ಕೇಳ್ದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ನಾನೂ ಇಂಗ್ಲಿಷಿನಲ್ಲೇ ಹೇಳ್ದೆ. ಮದುವೆಯಾದವಳನ್ನ ಹಾಗೆ ಕರೀತಾರಾ?"

ಅವರ ಮುಖದಲ್ಲಿ ಕೆಟ್ಟತನ ಹುಡುಕಿದೆ. ಇರಲಿಲ್ಲ. ಇನ್ನೊಂದು ಹೋಳು ಹಾಕಿದರು, ತಿಂದೆ.

ಮರುದಿನ ಸೈಬರ್‌ನಲ್ಲಿ ಮೇಲ್ ನೋಡಿದೆ. ನಾವು ಫೋನ್ ಮಾಡಿದೆವು, ನೀವು ಅಲ್ಲಿಲ್ಲ ಎಂದರು, ಮನಸ್ಸು ಬದಲಿಸಿದಿರೆಂದು ತಿಳಿದು ಬೇರೊಬ್ಬರಿಗೆ ಕೆಲಸ ಕೊಟ್ಟಿದ್ದೇವೆ, ಶುಭವಾಗಲಿ. ಥ್ಯಾಂಕ್ಸ್ ಎಂದು ಬರೆದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಚುಚ್ಚಿದ ದವಡೆಯ ಹಾಗೆ ಇದ್ದೆ. ಬರುವಾಗ ಅತ್ತೆ ಹೇಳಿದ್ದ ಕೊತ್ತಂಬರಿ ಸೊಪ್ಪು ತಂದೆ.

ಆಮೇಲೆ ಹಾಗೇ ದಿನ ಹೋದವು. ಮಗಳು ಹುಟ್ಟಿದಳು. ಒಂದು ಬೆಳಿಗ್ಗೆ ಒಗ್ಗರಣೆಗೆ ಇಟ್ಟಿದ್ದಾಗ ಫೋನು ಹೊಡೆದುಕೊಂಡಿತು. ಯಾವಳೋ ಹೆಂಗಸು, ನನ್ನ ಹಳೆ ಹೆಸರು ಹೇಳಿ, "ಇದ್ದಾಳಾ?" ಎಂದಳು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟೆ.

ಇಟ್ಟ ಮೇಲೆ ಸ್ವರದ ಗುರುತು ಹತ್ತಿತು. ಕುಮಟೆ ಹತ್ತಿರದ ಹೊಳನಗದ್ದೆಯವಳು, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಮತ್ತೆ ಮಾಡುತ್ತಾಳೆಂದು ಅಲ್ಲೇ ನಿಂತೆ. ಮಾಡಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಸೀದು ಹೊಗೆ ಎದ್ದಿತು. ನನಗೆ ಆಗ ಅಳು ಬಂತು.