ಹರಳಿಲ್ಲದ ಕಲ್ಲು, ಸಾತವ್ವನ ಕೈ

ಬಿಸಿಲು ಇನ್ನೂ ಕಿಟಕಿ ಮುಟ್ಟಿಲ್ಲ. ಜಮಖಂಡಿಯ ಕಾಲೇಜೊಂದರ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಸಾತವ್ವ ಫ್ಯಾನು ಆರಿಸಿ, ಅಂಗೈಯಗಲದ ಕಲ್ಬತ್ತಿನಲ್ಲಿ, ಅಂದರೆ ಪುಟ್ಟ ಕುಟ್ಟಾಣಿಯಲ್ಲಿ, ಕರಿಕಲ್ಲಿನ ಚೂರು ಅರೆಯುತ್ತಿದ್ದಾರೆ. "ಹುಡುಗರು ಬಂದ್ರಂದ್ರ ಗಾಳಿ ಆಡತೈತಿ, ಪುಡಿ ಹಾರತೈತ್ರಿ. ಅದಕ್ಕ ಲಗೂನ ಬರ್ತೇನಿ."

ಬನಹಟ್ಟಿಯ ನೇಕಾರ ಮನೆತನದ ಇವರು ಮೊದಲು ಪವರ್‌ಲೂಮಿಗೆ ಕಂಡಿಕೆ, ಅಂದರೆ ನೂಲಿನ ಸುರುಳಿ, ಸುತ್ತುತ್ತಿದ್ದರು. ಮಗ್ಗದ ಸದ್ದಿಗೆ ಕಿವಿ ಮಂದವಾದ ಮೇಲೆ ಇಲ್ಲಿ ಸಹಾಯಕಿಯಾಗಿ ಸೇರಿದರು. ದಿನಕ್ಕೆ ಮೂರ್ನಾಲ್ಕು ಮಾದರಿ ಅರೆದರೆ ಅದೇ ಹೆಚ್ಚು.

ಸಂಶೋಧನಾ ವಿದ್ಯಾರ್ಥಿನಿ ವೈಶಾಲಿಯ ಅಧ್ಯಯನ ಮಂಗಳ ಗ್ರಹದ್ದು. ಅಲ್ಲಿನ ಮಣ್ಣು, ಬಂಡೆಗಳಲ್ಲಿ ಹರಳುಗಟ್ಟದ, ಗಾಜಿನಂಥ ವಸ್ತು ಬಹಳಷ್ಟಿದೆ. ಅದರಲ್ಲಿ ಸಿಲಿಕಾ, ಕಬ್ಬಿಣ, ಗಂಧಕ ಇವೆ ಎಂಬುದು ಅಲ್ಲಿ ಓಡಾಡುವ ರೋವರ್ ವಾಹನದಿಂದ ತಿಳಿದಿದೆ. ಆದರೆ ಅದನ್ನು ನೇರವಾಗಿ ಅಳೆಯಲಾಗದು. ಇಡೀ ಕಲ್ಲಿನ ಲೆಕ್ಕದಿಂದ ಹರಳುಗಳ ಪಾಲು ಕಳೆದು, ಉಳಿದದ್ದನ್ನು ನೋಡಬೇಕು. ಈ ವಿಧಾನವನ್ನು ವೈಶಾಲಿ, ಮಂಗಳದ ಬಂಡೆಯಂತೆಯೇ ಲಾವಾದಿಂದಾದ ನಮ್ಮ ಕರಿಕಲ್ಲಿನ ಮೇಲೆ ಪರೀಕ್ಷಿಸುತ್ತಿದ್ದಾರೆ.

ಕಳೆದ ತಿಂಗಳು, ಸಾತವ್ವ ಅರೆದ ಒಂದು ಮಾದರಿಯ ಎಕ್ಸ್-ರೇ ಫಲಿತಾಂಶ ಧಾರವಾಡದಿಂದ ಬಂತು. ಹರಳಿದ್ದರೆ ಕಾಣಬೇಕಾದ ಚೂಪು ಗೆರೆಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬದಲಿಗೆ, ಹರಳಿಲ್ಲದ ವಸ್ತುವಿನ ಗುರುತಾದ, ದಿಬ್ಬದಂಥ ಒಂದು ಉಬ್ಬು. ವಿಭಾಗದ ಮುಖ್ಯಸ್ಥ ಗಿರಮಲ್ಲಪ್ಪ ಕೇಳಿದರು: "ಭಾಳ ಒತ್ತಿ ಅರದೀಯೇನ ಸಾತವ್ವಾ?" ಅತಿಯಾಗಿ ಅರೆದರೆ ಹರಳಿನ ರಚನೆಯೇ ಕೆಡುತ್ತದೆ. ಹಾಗಾಗಿದ್ದರೆ ವೈಶಾಲಿಯ ಲೆಕ್ಕವೆಲ್ಲ ಸುಳ್ಳು.

"ಇಲ್ಲ ಅನ್ನಾಕ ಧೈರ್ಯ ಆಗಲಿಲ್ರಿ. ಅದನ್ನ ಅರದ ದಿನಾನ ಮಗಳ್ನ ಹೆರಿಗಿಗೆ ದವಾಖಾನಿಗೆ ಒಯ್ದಿದ್ರು. ಕೂಸು ಬಾಣಂತಿ ಆರಾಮ ಅದಾರ, ಖರೆ ನನ್ನ ಕೈ ಹೆಂಗ ನಡೀತೋ ನೆನಪಿಲ್ಲ. ಈ ಕೆಲಸ ಹೋದ್ರ ಮತ್ತ ಕಂಡಿಕಿ ಸುತ್ತಾಕ ಹೊಕ್ಕೇನಿ ಅಂತ ಮನ್ಯಾಗ ಹೇಳಿಬಿಟ್ಟಿದ್ದೆ."

ವೈಶಾಲಿ ಅದೇ ಕಲ್ಲಿನ ಉಳಿದ ತುಂಡನ್ನು, ಹರಳು ಕೆಡದಂತೆ ಸ್ಪಿರಿಟ್ ಹಾಕಿ, ತಾವೇ ಹಗುರವಾಗಿ ಅರೆದು ಕಳುಹಿಸಿದರು. ಉತ್ತರ ಬರುವವರೆಗೆ ಸಾತವ್ವ ಕಲ್ಬತ್ತು ಮುಟ್ಟಲಿಲ್ಲ. ನೆಲ ಒರೆಸಿದರು, ಬಾಟಲಿ ತೊಳೆದರು.

ಮೊನ್ನೆ ಸೋಮವಾರ ವೈಶಾಲಿ ಫೋನು ಹಿಡಿದೇ ಒಳಗೆ ಬಂದರು. "ಅಕ್ಕಾ, ಈ ಸಲಾನೂ ಅದ ಉಬ್ಬು ಬಂದೈತ್ರಿ. ಲಾವಾ ಲಗೂನ ತಣದು ಗಾಜಾಗೇತಿ. ಅದು ಕಲ್ಲಿನಾಗ ಇದ್ದದ್ದು. ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ರಿ."

ಸಾತವ್ವ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಗಿರಮಲ್ಲಪ್ಪ ಚಹಾ ತರಿಸಿ, ಮೊದಲ ಕಪ್ಪು ಅವರ ಕೈಗೇ ಕೊಟ್ಟರು. "ಎಷ್ಟೋ ದಿನದ ಮ್ಯಾಲ ಅವತ್ತ ರಾತ್ರಿ ಹೊಟ್ಟಿತುಂಬ ಉಂಡೆ ನೋಡ್ರಿ," ಎನ್ನುತ್ತಾರೆ ಸಾತವ್ವ.

ಮಂಗಳದ ಕಲ್ಲನ್ನೇ ಮುಂದೊಂದು ದಿನ ಭೂಮಿಗೆ ತರುವ ಮಾತಿದೆ ಎಂದಾಗ ಅವರು ನಗುತ್ತಾರೆ.

"ಬಂದ್ರ ಯಾರರ ಅರೀಲಿ ಬಿಡ್ರಿ. ಬಾಜೂಕ ನಿಂತು ನೋಡಾಕ ಬಿಟ್ರ ನನಗ ಸಾಕು."