ದಿಗಂಬರ ತಿಂದ ಪಾಲು

ಮಂಠಾಳದ ನಮ್ಮ ಪಕ್ಕದ ಮನೆಯ ದಿಗಂಬರ ಧಾರವಾಡದಲ್ಲಿ ಓದುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ ಕಾರವಾರದ ಕಡೆಯ ಮೀನುಗಾರರ ಊರಿಗೆ ಅಧ್ಯಯನಕ್ಕೆ ಹೊರಟ. ಕಡಲನ್ನು ಬರಿದು ಮಾಡದೆ ಊರಿಗೆ ಊರೇ ಹೊಟ್ಟೆ ಹೊರೆಯುವುದು ಹೇಗೆ ಎಂದು ತಿಳಿಯುವುದು ಅವನ ಕೆಲಸ. ತಾಯಿ ಕಸ್ತೂರಿಬಾಯಿಗೆ ತಿಳಿದದ್ದು ಇಷ್ಟೇ, ಲಿಂಗ ಕಟ್ಟಿದ ಮಗ ಮೀನಿನ ಊರಿಗೆ ಹೋಗುತ್ತಿದ್ದಾನೆ. ಹುಮನಾಬಾದಿನ ಬಸ್‌ಸ್ಟ್ಯಾಂಡಿನವರೆಗೂ ಬಂದು ಖಡಕ್ ರೊಟ್ಟಿಯ ಗಂಟು ಕೈಗಿಟ್ಟರು. ರೊಟ್ಟಿ ಮುಗಿಯುವಷ್ಟರಲ್ಲಿ ಅಧ್ಯಯನವೂ ಮುಗಿದೀತೆಂದು ನಂಬಿದ್ದರು, ಪಾಪ.

ಅಲ್ಲಿ ರಂಪಣಿ ಎಂಬ ಭಾರಿ ಬಲೆಯನ್ನು ಊರೆಲ್ಲ ಸೇರಿ ದಂಡೆಗೆ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು, ಮುದುಕರಿಗೂ, ಗಂಡ ಸತ್ತವರಿಗೂ. ದಿಗಂಬರ ಹಗ್ಗ ಎಳೆದು, ತನ್ನ ಪಾಲನ್ನು ತಾನಿದ್ದ ಮನೆಯ ವಿಧವೆ ಮಾಸ್ತಮ್ಮನಿಗೆ ಕೊಡುತ್ತಿದ್ದ. ಅವಳು ಅವನಿಗೆಂದೇ ಹೊಸ ಗಡಿಗೆ ತಂದು, ಮೀನು ಸೋಕಿಸದೆ ಗಂಜಿ ಬೇಯಿಸುತ್ತಿದ್ದಳು.

ಅಷ್ಟರಲ್ಲಿ ಯಂತ್ರದ ದೋಣಿಗಳು ಕಡಲೊಳಗೇ ಮೀನು ಬಾಚತೊಡಗಿದವು. ಒಂದು ಸಂಜೆ ಪಾಲಿಗೆ ಬಂದದ್ದು ಒಬ್ಬೊಬ್ಬರಿಗೆ ಒಂದೇ ಬಂಗಡೆ ಮೀನು. ಇಂಥ ದಿನ ಎಲ್ಲರೂ ತಮ್ಮ ಪಾಲನ್ನು ತಾವೇ ತಿನ್ನಬೇಕು, ಒಬ್ಬರು ಬಿಟ್ಟುಕೊಟ್ಟರೂ ಊರು ಕೂಡಿ ಹಂಚಿ ತಿನ್ನುವ ರೂಢಿಯೇ ಮುಗಿದಂತೆ ಎಂದು ಮಾಸ್ತಮ್ಮ ಅತ್ತಳಂತೆ. ದಿಗಂಬರ ಕಣ್ಣು ಮುಚ್ಚಿ ತಿಂದ.

ಊರಿಗೆ ಬಂದು ಬಾಯಿ ಮುಚ್ಚಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು! ಬಂದ ದಿನವೇ ಒಲೆಯ ಮುಂದೆ ಕೂತು ತಾಯಿಗೆ ಹೇಳಿದ. ಕಸ್ತೂರಿಬಾಯಿ ಬೈಯಲಿಲ್ಲ, ಅಳಲಿಲ್ಲ. ಮರುದಿನ ಅವನ ತಾಟು ಪಡಸಾಲೆಯ ಗೂಡಿಗೆ ಬಂತು. ಆಮೇಲೆ ಅವನಿಗೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ರೊಟ್ಟಿಯನ್ನು ಮೇಲಿನಿಂದಲೇ ಹಾಕುತ್ತಿದ್ದರು, ಆದರೆ ತುಪ್ಪ ಮಾತ್ರ ಎಲ್ಲರಿಗಿಂತ ಅವನ ರೊಟ್ಟಿಗೇ ಹೆಚ್ಚು. ಆ ಹೆಂಗಸನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

"ಅಲ್ಲಿ ಆಕಿ ನನ್ ಸಲುವಾಗಿ ಗಡಿಗಿ ಬ್ಯಾರೆ ಇಟ್ಟಿದ್ಲು. ಇಲ್ಲಿ ಅವ್ವ ತಾಟ ಬ್ಯಾರೆ ಇಟ್ಟಾಳ ನೋಡ್ರಿ ಅಕ್ಕಾ" ಎಂದು ಒಮ್ಮೆ ನಕ್ಕ. ನನಗೆ ನಗು ಬರಲಿಲ್ಲ.

ಮುಂದೆ ಅವನು ಬಸವಕಲ್ಯಾಣದಲ್ಲಿ ಮೇಷ್ಟ್ರಾದ. ವರ್ಷಗಳು ಕಳೆದರೂ ತಾಟು ಗೂಡಿನಲ್ಲೇ ಇತ್ತು. ಕಸ್ತೂರಿಬಾಯಿ ಹಾಸಿಗೆ ಹಿಡಿದು ಅನ್ನ ಬಿಟ್ಟ ಮೇಲೆ, ಒಂದು ಮಧ್ಯಾಹ್ನ ನೀರು ಕೇಳಿದರು. ಹಾಸಿಗೆಯ ಪಕ್ಕ ಕೂತಿದ್ದ ನಾನು ಏಳಹೋದೆ. ಅವರು ಕಣ್ಣಿನಲ್ಲೇ ನನ್ನನ್ನು ತಡೆದು, ಬಾಗಿಲಲ್ಲಿ ನಿಂತಿದ್ದ ಮಗನನ್ನು ಕರೆದರು. ಅವನು ಒಳಗೆ ಬಂದು ತಂಬಿಗೆ ಎತ್ತಿದ.

"ಕೈ ತೊಳ್ಕೊಂಡಿ ಏನಪಾ?" ಎಂದರು, ಮೆಲ್ಲಗೆ.

ಮೊದಲು ನೀರು ಹಾಕೋ ಎಂದು ನಾನು ಗದರಿಸಬೇಕಿತ್ತು. ಅವನು ಆಗಲೇ ಹಿತ್ತಲಿಗೆ ಓಡಿದ್ದ. ಒಲೆಯ ಬೂದಿ ಹಚ್ಚಿ, ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದು ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಒದ್ದೆ ಕೈಯಲ್ಲಿ ತಂಬಿಗೆ ಹಿಡಿದು ಅವನು ಹಾಗೇ ನಿಂತಿದ್ದ.